ತಾಜ್ ಹೋಟೆಲಿನ ಕೊಸರು

ಮುಂಬಯಿ ಪ್ರವಾಸಕ್ಕೆ ಹೋದ ಶಾಲಾ ಮಕ್ಕಳು ಊರಿಗೆ ತರುವ ಫೋಟೊಗಳಲ್ಲಿ ಒಂದು ತಪ್ಪದೆ ಇರುತ್ತದೆ. ಹಿಂದೆ ಗೇಟ್‌ವೇ ಆಫ್ ಇಂಡಿಯಾದ ಭಾರಿ ಕಮಾನು, ಅದರಾಚೆ ಅರಬ್ಬಿ ಸಮುದ್ರ, ಮುಂದೆ ಸಾಲಾಗಿ ನಿಂತ ಮಕ್ಕಳು, ತುದಿಯಲ್ಲಿ ಮೇಷ್ಟ್ರು. ಫೋಟೊ ತೆಗೆಯುವವನ ಬೆನ್ನ ಹಿಂದೆ, ರಸ್ತೆಯ ಆ ಬದಿಗೆ, ಕೆಂಪು ಗುಮ್ಮಟಗಳ ಅರಮನೆಯಂಥ ಕಟ್ಟಡವೊಂದು ನಿಂತಿರುತ್ತದೆ. ಅದೇ ತಾಜ್ ಮಹಲ್ ಹೋಟೆಲು. ‘ಅಲ್ಲಿ ಒಂದು ರಾತ್ರಿಗೆ ಎಷ್ಟು ಸಾರ್?’ ಎಂದು ಯಾವನಾದರೂ ಹುಡುಗ ಕೇಳಿಯೇ ಕೇಳುತ್ತಾನೆ. ‘ನಿಮ್ಮಪ್ಪನ ತಿಂಗಳ ಸಂಬಳ ಕಣೋ’ ಎಂದು ಮೇಷ್ಟ್ರು ನಗಿಸಿ, ಎಲ್ಲರನ್ನೂ ಎಲಿಫೆಂಟಾಕ್ಕೆ ಹೋಗುವ ದೋಣಿಯ ಕಡೆಗೆ ಅಟ್ಟುತ್ತಾರೆ.

ಹುಡುಗನ ಪ್ರಶ್ನೆ ಸಹಜವೇ. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದಿದೆ. ಅಷ್ಟೊಂದು ಹಣ ತೆತ್ತು ಅಲ್ಲಿ ಒಮ್ಮೆ ತಂಗಿದವರು ಮುಂದಿನ ಸಲವೂ ಅಲ್ಲಿಗೇ ಏಕೆ ಬರುತ್ತಾರೆ? ಮುಂಬಯಿಯಲ್ಲಿ ಮೆತ್ತನೆಯ ಹಾಸಿಗೆಗೇನು ಬರವೇ? ಇದಕ್ಕೆ ಉತ್ತರ ಹುಡುಕಹೊರಟರೆ ವ್ಯಾಪಾರದ ಜಾಣತನವೊಂದು ಸಿಗುತ್ತದೆ. ಅದರ ಬೆನ್ನಿಗೇ, ವ್ಯಾಪಾರದ ಲೆಕ್ಕಕ್ಕೆ ಸಿಗದ ದೊಡ್ಡ ಸಂಗತಿಯೊಂದೂ ಎದುರಾಗುತ್ತದೆ. ಪಿಯುಸಿ ಮುಗಿಸಿ ‘ಮುಂದೇನು?’ ಎಂದು ಯೋಚಿಸುತ್ತಿರುವ ಮಕ್ಕಳೂ ಅವರ ತಂದೆ ತಾಯಿಯರೂ ಈ ಎರಡನ್ನೂ ತಿಳಿಯಬೇಕು.

ಬೋರಿಬಂದರಿನಿಂದ ಅಪೋಲೊ ಬಂದರಿಗೆ

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಇಳಿಯುವುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ. ಹಳಬರ ಬಾಯಲ್ಲಿ ಅದು ಇಂದಿಗೂ ವಿ.ಟಿ. ಅಥವಾ ಬೋರಿಬಂದರು. ಅಲ್ಲಿಂದ ತಾಜ್ ಹೋಟೆಲಿಗೆ ಟ್ಯಾಕ್ಸಿ ಬೇಕಿಲ್ಲ. ಕಾಲಲ್ಲಿ ಕಸುವಿದ್ದವರಿಗೆ ಅರ್ಧ ಮುಕ್ಕಾಲು ಗಂಟೆಯ ನಡಿಗೆ, ಅಷ್ಟೆ. ಕಲ್ಲಿನ ಹಳೆಯ ಕಟ್ಟಡಗಳ ನೆರಳಲ್ಲೇ ಹುತಾತ್ಮ ಚೌಕ ದಾಟಿ ಮುಂದೆ ಬಂದರೆ ಕಾಲಾ ಘೋಡಾ ಎಂಬ ಜಾಗ ಸಿಗುತ್ತದೆ.

ಅಲ್ಲಿ ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಜೀರ್ಣವಾದ ಕಟ್ಟಡವೊಂದಿದೆ. ಕಬ್ಬಿಣದ ಕಂಬಗಳ ಈ ಕಟ್ಟಡವೇ ಒಂದು ಕಾಲದ ವಾಟ್ಸನ್ಸ್ ಹೋಟೆಲ್. 19ನೇ ಶತಮಾನದ ಉತ್ತರಾರ್ಧದಲ್ಲಿ ಬೊಂಬಾಯಿಗೆ ಬಂದಿಳಿದ ಐರೋಪ್ಯರಿಗೆ ಇದಕ್ಕಿಂತ ದೊಡ್ಡ ವಸತಿಯಿರಲಿಲ್ಲ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಬಾರಿಗೆ ತೋರಿಸಿದ್ದೂ ಇಲ್ಲಿಯೇ. ಜಮ್‌ಶೇಟ್‌ಜಿ ಟಾಟಾ ಅವರನ್ನು ‘ಭಾರತೀಯರಿಗೆ ಪ್ರವೇಶವಿಲ್ಲ’ ಎಂದು ಇದರ ಬಾಗಿಲಲ್ಲಿ ತಡೆದರಂತೆ, ಆ ಸಿಟ್ಟಿಗೆ ಅವರು ತಾಜ್ ಕಟ್ಟಿದರಂತೆ ಎಂಬ ಕತೆಯನ್ನು ಮುಂಬಯಿಯ ಟ್ಯಾಕ್ಸಿ ಚಾಲಕರೂ ಹೇಳುತ್ತಾರೆ. ಕತೆ ಸೊಗಸಾಗಿದೆ, ಆದರೆ ಅದಕ್ಕೆ ಗಟ್ಟಿ ದಾಖಲೆಯಿಲ್ಲ. 1896ರಲ್ಲಿ ನಗರಕ್ಕೆ ಅಪ್ಪಳಿಸಿದ ಪ್ಲೇಗಿನಿಂದ ಬೊಂಬಾಯಿಯ ಹೆಸರು ಕೆಟ್ಟಿತ್ತು, ತಾವು ಬೆಳೆದ ಊರಿನ ಮಾನ ಉಳಿಸಲು ಟಾಟಾ ಈ ಸಾಹಸಕ್ಕೆ ಕೈ ಹಾಕಿದರು ಎನ್ನುವವರೂ ಇದ್ದಾರೆ. ಯಾವುದು ನಿಜವೋ, ಬಾಗಿಲು ಮುಚ್ಚುತ್ತಿದ್ದ ಹೋಟೆಲು ಇಂದು ಜೀರ್ಣವಾಗಿದೆ. ಎಲ್ಲರಿಗೂ ಬಾಗಿಲು ತೆರೆದ ಹೋಟೆಲು ಬೆಳೆದಿದೆ!

ಅಲ್ಲಿಂದ ವಸ್ತು ಸಂಗ್ರಹಾಲಯದ ಗುಮ್ಮಟವನ್ನೂ ರೀಗಲ್ ಚಿತ್ರಮಂದಿರವನ್ನೂ ದಾಟಿ ಎಡಕ್ಕೆ ತಿರುಗಿದರೆ ಉಪ್ಪು ಗಾಳಿ ಮುಖಕ್ಕೆ ಬಡಿಯುತ್ತದೆ. ಅದೇ ಅಪೋಲೊ ಬಂದರ್. ಎದುರಿಗೆ ಗೇಟ್‌ವೇ, ಪಕ್ಕದಲ್ಲಿ ತಾಜ್. ಇವೆರಡರಲ್ಲಿ ಹಿರಿಯ ಯಾವುದು ಎಂದು ಮಕ್ಕಳನ್ನು ಕೇಳಿ ನೋಡಿ. ಬಹುತೇಕರು ಗೇಟ್‌ವೇ ಎನ್ನುತ್ತಾರೆ. ಅದು ತಪ್ಪು. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಪೂರ್ಣಗೊಂಡದ್ದು 1924ರಲ್ಲಿ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದಾಗ ಅವರಿಗೆ ಕಂಡದ್ದು ರಟ್ಟಿನ ಕಮಾನು ಮಾತ್ರ. ಅರಮನೆಯಂಥ ಹೋಟೆಲು ಮಾತ್ರ ಆಗಲೇ ಎಂಟು ವರ್ಷ ಹಳೆಯದಾಗಿತ್ತು.

ಬೆನ್ನೇ ಮುಖವಾದ ಕಟ್ಟಡ

ತಾಜ್ ಕುರಿತ ಇನ್ನೊಂದು ದಂತಕತೆಯೂ ಪ್ರಸಿದ್ಧ. ವಿದೇಶಿ ವಾಸ್ತುಶಿಲ್ಪಿಯೊಬ್ಬ ನಕ್ಷೆ ಕೊಟ್ಟು ಊರಿಗೆ ಹೋದನಂತೆ. ಹಿಂತಿರುಗಿ ಬಂದು ನೋಡಿದರೆ ಮುಖ ಹಿಂದಾಗಿ ಕಟ್ಟಡ ನಿಂತಿತ್ತಂತೆ. ಮನನೊಂದು ಪ್ರಾಣ ಕಳೆದುಕೊಂಡನಂತೆ. ಇದೂ ಕಟ್ಟುಕತೆಯೇ. ಇದರ ವಿನ್ಯಾಸ ಮಾಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಎಂಬ ಭಾರತೀಯ ಎಂಜಿನಿಯರುಗಳು. ವೈದ್ಯರು ಕೆಲಸ ಮುಗಿಯುವ ಮುನ್ನವೇ ಕಾಯಿಲೆಯಿಂದ ತೀರಿಕೊಂಡ ಮೇಲೆ ಡಬ್ಲ್ಯು.ಎ. ಚೇಂಬರ್ಸ್ ಎಂಬ ಆಂಗ್ಲ ವಾಸ್ತುಶಿಲ್ಪಿ ಅದನ್ನು ಪೂರೈಸಿದರು. ನಗರದಿಂದ ಬರುವ ಸಾರೋಟುಗಳಿಗೆ ಅನುಕೂಲವಾಗಲೆಂದು ಮೊದಲಿಗೆ ಮುಖ್ಯದ್ವಾರ ಊರಿನ ಕಡೆಗಿತ್ತು. ಕಾಲ ಬದಲಾದಂತೆ ದ್ವಾರ ಸಮುದ್ರದ ಕಡೆಗೆ ಬಂತು. ಹಳೆಯ ದ್ವಾರದ ಬದಿಯಲ್ಲಿ ಇಂದು ಈಜುಕೊಳವಿದೆ.

ಜಮ್‌ಶೇಟ್‌ಜಿ ಈ ಕಟ್ಟಡಕ್ಕಾಗಿ ಯೂರೋಪು ಸುತ್ತಿ ಸಾಮಾನು ತಂದರು. ಅಮೆರಿಕದ ಫ್ಯಾನು, ಜರ್ಮನಿಯ ಲಿಫ್ಟು, ಟರ್ಕಿಯ ಮಾದರಿಯ ಸ್ನಾನಗೃಹ, ಇಂಗ್ಲೆಂಡಿನ ಬಟ್ಲರುಗಳು! ಇಷ್ಟಾದರೂ ಮೊದಲ ದಿನ ಬಂದ ಅತಿಥಿಗಳು ಹದಿನೇಳೇ ಮಂದಿ ಎಂದು ಹೋಟೆಲಿನ ಇತಿಹಾಸ ಹೇಳುತ್ತದೆ. ಬಾಗಿಲು ತೆರೆದ ಐದೇ ತಿಂಗಳಿಗೆ, 1904ರ ಮೇ 19ರಂದು, ಟಾಟಾ ಜರ್ಮನಿಯಲ್ಲಿ ನಿಧನರಾದರು. ಅವರ ಇನ್ನೊಂದು ಕನಸನ್ನು ನಾವು ಬೆಂಗಳೂರಿನಲ್ಲೇ ಕಾಣಬಹುದು. ಮೈಸೂರು ಸಂಸ್ಥಾನ ಜಮೀನು ಕೊಟ್ಟು 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ನಮ್ಮವರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆದು ರೂಢಿ. ಒಂದೇ ತಲೆಯಲ್ಲಿ ಹೋಟೆಲಿಗೂ ವಿಜ್ಞಾನ ಸಂಸ್ಥೆಗೂ ಜಾಗವಿತ್ತೆಂಬುದನ್ನು ಮಕ್ಕಳು ಗಮನಿಸಬೇಕು.

ಮೊದಲ ಮಹಾಯುದ್ಧದಲ್ಲಿ ಇದೇ ಹೋಟೆಲು 600 ಹಾಸಿಗೆಗಳ ಆಸ್ಪತ್ರೆಯಾಯಿತು. 1970ರ ದಶಕದ ಆರಂಭದಲ್ಲಿ ಪಕ್ಕದಲ್ಲೇ ಗಗನಚುಂಬಿ ಟವರ್ ಎದ್ದಿತು. ಎರಡೂ ಸೇರಿ ಇಂದು ಐನೂರಕ್ಕೂ ಹೆಚ್ಚು ಕೊಠಡಿಗಳು. 2017ರಲ್ಲಿ ಈ ಕಟ್ಟಡದ ಆಕಾರಕ್ಕೇ ಟ್ರೇಡ್‌ಮಾರ್ಕ್ ಸಿಕ್ಕಿತು. ಭಾರತದಲ್ಲಿ ಕಟ್ಟಡವೊಂದಕ್ಕೆ ಇಂಥ ಗೌರವ ಸಂದದ್ದು ಅದೇ ಮೊದಲು.

ಒಳಗೆ ಹೆಜ್ಜೆಯಿಟ್ಟರೆ

ದ್ವಾರದಲ್ಲಿ ತಪಾಸಣೆ ಕಟ್ಟುನಿಟ್ಟು. ಚೀಲ ಯಂತ್ರದೊಳಗೆ, ಮನುಷ್ಯ ಚೌಕಟ್ಟಿನೊಳಗೆ. ಆದರೆ ತಂಗುವವರಿಗೆ ಮಾತ್ರ ಪ್ರವೇಶ ಎಂದೇನೂ ಇಲ್ಲ. ಒಂದು ಲೋಟ ಚಹಾ ಕುಡಿದು ಬರುತ್ತೇನೆ ಎನ್ನುವವನಿಗೂ ಬಾಗಿಲು ತೆರೆಯುತ್ತದೆ. ಬಿಲ್ಲು ನೋಡಿ ಎದೆ ಹಿಡಿದುಕೊಳ್ಳಬಾರದು, ಅಷ್ಟೆ! ಹಳೆಯ ಕಟ್ಟಡದ ನಡುವೆ ಗುಮ್ಮಟದವರೆಗೂ ಮೇಲೇರುವ ಮೆಟ್ಟಿಲಸಾಲು ಕಣ್ಣಿಗೆ ಹಬ್ಬ. ಗೋಡೆಗಳ ಮೇಲೆ ಹುಸೇನ್, ಗಾಯ್ತೊಂಡೆ ಅವರಂಥ ಕಲಾವಿದರ ಕೃತಿಗಳಿವೆ. ಮೊದಲ ಮಹಡಿಯಲ್ಲಿರುವ ಸೀ ಲೌಂಜ್‌ನ ಕಿಟಕಿಯಿಂದ ಗೇಟ್‌ವೇಯೂ ದೋಣಿಗಳೂ ಕಾಣುತ್ತವೆ. ಮುಂಬಯಿಯ ಶ್ರೀಮಂತ ಮನೆತನಗಳು ಗಂಡು ಹೆಣ್ಣು ನೋಡುವ ಶಾಸ್ತ್ರವನ್ನು ಇಲ್ಲಿನ ಮೇಜುಗಳಲ್ಲೇ ಮುಗಿಸುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಮಾತು. ನಮ್ಮಲ್ಲಿ ಉಪ್ಪಿಟ್ಟು ಕೇಸರಿಬಾತು, ಅಲ್ಲಿ ಸ್ಯಾಂಡ್‌ವಿಚ್ ಚಹಾ, ವ್ಯತ್ಯಾಸ ಇಷ್ಟೇ.

ಆದರೆ ಇಂಥ ಹೋಟೆಲುಗಳಲ್ಲಿ ನಿಜವಾಗಿ ನೋಡಬೇಕಾದದ್ದು ಅಮೃತಶಿಲೆಯನ್ನಲ್ಲ, ಕೆಲಸ ಮಾಡುವವರ ಕಣ್ಣನ್ನು. ಕೋಟಿನ ಕೊರಳಪಟ್ಟಿಯ ಮೇಲೆ ಅಡ್ಡಲಾಗಿ ಜೋಡಿಸಿದ ಎರಡು ಚಿನ್ನದ ಬಣ್ಣದ ಕೀಲಿಕೈಗಳ ಬಿಲ್ಲೆ ಧರಿಸಿದವರನ್ನು ದೊಡ್ಡ ಹೋಟೆಲುಗಳಲ್ಲಿ ಕಾಣಬಹುದು. ಅವರಿಗೆ ಕನ್ಸಿಯರ್ಜ್ ಎನ್ನುತ್ತಾರೆ. ನಾಟಕದ ಟಿಕೆಟಿನಿಂದ ಹಿಡಿದು ಕಳೆದುಹೋದ ಪಾಸ್‌ಪೋರ್ಟಿನವರೆಗೆ ಅತಿಥಿಯ ಯಾವ ತಾಪತ್ರಯಕ್ಕೂ ದಾರಿ ಹುಡುಕುವುದೇ ಅವರ ಕೆಲಸ. ಆ ಕೀಲಿಕೈ ಅಂತರರಾಷ್ಟ್ರೀಯ ಸಂಘವೊಂದರ ಸದಸ್ಯತ್ವದ ಗುರುತು. ಕೊಠಡಿ ಗುಡಿಸುವವರೂ ಅಷ್ಟೆ, ಕಸ ಮಾತ್ರ ತೆಗೆಯುವುದಿಲ್ಲ. ಅತಿಥಿ ಎರಡು ದಿಂಬು ಇಟ್ಟುಕೊಂಡನೇ, ಹಣ್ಣಿನ ಬುಟ್ಟಿಯಲ್ಲಿ ಬಾಳೆಹಣ್ಣನ್ನು ಮಾತ್ರ ತಿಂದನೇ ಎಂದು ನೋಡಿಕೊಳ್ಳುತ್ತಾರೆ. ಹಿಂದೆ ಇದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ಬರೆದಿಡುತ್ತಿದ್ದರು, ಈಗ ಕಂಪ್ಯೂಟರಿಗೆ ತುಂಬುತ್ತಾರೆ. ಎರಡು ವರ್ಷ ಬಿಟ್ಟು ಅದೇ ಅತಿಥಿ ಬಂದಾಗ ಬುಟ್ಟಿಯ ತುಂಬ ಬಾಳೆಹಣ್ಣು! ಆತನಿಗೆ ಆಶ್ಚರ್ಯ, ಜೊತೆಗೆ ಒಂದಿಷ್ಟು ಆನಂದ.

ಕೊಸರಿನ ಲೆಕ್ಕಾಚಾರ

ನಮ್ಮ ಸಂತೆಗಳಲ್ಲಿ ಸೊಪ್ಪಿನವಳು ನಾಲ್ಕು ಕಟ್ಟು ಕೊಟ್ಟ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಚೀಲಕ್ಕೆ ಹಾಕುತ್ತಾಳಲ್ಲ, ಅದಕ್ಕೆ ಕೊಸರು ಎನ್ನುತ್ತೇವೆ. ಕೊಸರು ತೂಕದ ಒಳಗಿಲ್ಲ, ಬೆಲೆಯ ಒಳಗಿಲ್ಲ. ಆದರೂ ಮುಂದಿನ ವಾರ ನಮ್ಮ ಕಾಲು ತಾನಾಗಿ ಅವಳ ಅಂಗಡಿಯ ಕಡೆಗೇ ನಡೆಯುತ್ತದೆ. ಪಂಚತಾರಾ ಹೋಟೆಲುಗಳು ಖಾಯಂ ಗಿರಾಕಿಗಳಿಗೆ ಕೊಡುವ ಸವಲತ್ತುಗಳೂ ಇದೇ ಕೊಸರಿನ ದೊಡ್ಡ ರೂಪ.

ಇದನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರು ಅಮೆರಿಕನ್ನರು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನ ಸಂಸ್ಥೆ, ಹಾರಿದ ಮೈಲಿಗಳಿಗೆ ಅಂಕ ಕೊಡುವ ಯೋಜನೆ ಆರಂಭಿಸಿತು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲುಗಳು ಅದೇ ದಾರಿ ಹಿಡಿದವು. ಇಂದು ಜಗತ್ತಿನ ಬಹುತೇಕ ದೊಡ್ಡ ಹೋಟೆಲ್ ಸಮೂಹಗಳಲ್ಲಿ ಇದು ಇದೆ. ತಾಜ್ ಸಮೂಹದ ಯೋಜನೆಗೆ ‘ಇನ್ನರ್ ಸರ್ಕಲ್’ ಎಂದು ಹೆಸರು. 2022ರಲ್ಲಿ ಅದನ್ನು ಟಾಟಾ ಸಮೂಹದ ಹಲವು ವ್ಯಾಪಾರಗಳ ಸಾಮಾನ್ಯ ಯೋಜನೆಯೊಂದಿಗೆ ಜೋಡಿಸಲಾಯಿತು. ಹೋಟೆಲಿನಲ್ಲಿ ಗಳಿಸಿದ ಅಂಕವನ್ನು ಅದೇ ಸಮೂಹದ ಬೇರೆ ಮಳಿಗೆಗಳಲ್ಲೂ ಹಣದಂತೆ ಬಳಸುವ ವ್ಯವಸ್ಥೆ ಬಂತು.

ಇಂಥ ಯೋಜನೆಗಳ ಒಳಗುಟ್ಟು ಏನು? ಸ್ವಲ್ಪ ಲೆಕ್ಕ ಮಾಡೋಣ. ನೂರು ರೂಪಾಯಿ ಖರ್ಚಿಗೆ ಐದು ರೂಪಾಯಿ ಬೆಲೆಯ ಅಂಕ ಸಿಗುತ್ತದೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿಗೆ 20,000 ರೂಪಾಯಿ ಬಿಲ್ಲಾದರೆ 1,000 ರೂಪಾಯಿಯ ಅಂಕ. ಅಂದರೆ ಇಪ್ಪತ್ತು ರಾತ್ರಿ ತಂಗಿ ನಾಲ್ಕು ಲಕ್ಷ ಕೊಟ್ಟವನಿಗೆ ಒಂದು ರಾತ್ರಿ ಬಿಟ್ಟಿ! ಸ್ವಂತ ಹಣದಲ್ಲಿ ಹೀಗೆ ಇಪ್ಪತ್ತು ರಾತ್ರಿ ತಂಗುವವರು ಎಷ್ಟು ಮಂದಿ? ಬಹಳ ಸಲ ಬಿಲ್ಲು ಕಟ್ಟುವುದು ಅತಿಥಿಯ ಕಂಪನಿ, ಅಂಕ ಸೇರುವುದು ಅತಿಥಿಯ ಖಾತೆಗೆ. ಕಂಪನಿಯ ಹಣದಿಂದ ಬಂದ ಕೊಸರು ಯಾರದು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯವಾದೀತು.

ಎರಡನೆಯ ಗುಟ್ಟು ಇನ್ನೂ ಸ್ವಾರಸ್ಯಕರ. ಹೋಟೆಲಿನ ಕೊಠಡಿ ಸೊಪ್ಪಿಗಿಂತ ಬೇಗ ಬಾಡುವ ಸರಕು. ಇಂದು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲು ಬರುವುದಿಲ್ಲ, ಆ ರಾತ್ರಿ ಹೋಯಿತೆಂದರೆ ಹೋಯಿತು. ಆದ್ದರಿಂದಲೇ ಸಂಜೆಯ ಹೊತ್ತಿಗೆ ಸಮುದ್ರದ ಕಡೆಯ ದೊಡ್ಡ ಕೊಠಡಿ ಖಾಲಿಯಿದ್ದರೆ ಖಾಯಂ ಗಿರಾಕಿಗೆ ಸಾದಾ ಕೊಠಡಿಯ ದರದಲ್ಲೇ ಅದನ್ನು ಕೊಡುತ್ತಾರೆ. ಹೋಟೆಲಿಗೆ ಹೆಚ್ಚಿನ ಖರ್ಚು ತೀರಾ ಕಡಿಮೆ, ಅತಿಥಿಗೆ ರಾಜಮರ್ಯಾದೆ. ಮಧ್ಯಾಹ್ನದ ಬದಲು ಸಂಜೆ ಕೊಠಡಿ ಬಿಡಬಹುದು ಎಂಬ ಸವಲತ್ತೂ ಇಂಥದ್ದೇ. ಎಲ್ಲದರ ಕೆಳಗೂ ‘ಲಭ್ಯವಿದ್ದರೆ ಮಾತ್ರ’ ಎಂಬ ಸಣ್ಣಕ್ಷರದ ಸಾಲೊಂದು ಇರುತ್ತದೆ. ಅಂಕಗಳಿಗೆ ಸಾಮಾನ್ಯವಾಗಿ ವಾಯಿದೆಯೂ ಉಂಟು. ಬಳಸದಿದ್ದರೆ ಅವು ಕರಗಿಹೋಗುತ್ತವೆ. ಅಂಕ ಉಳಿಸಿಕೊಳ್ಳಲೆಂದೇ ಬೇಡದ ಪ್ರವಾಸ ಮಾಡುವವರೂ ಇದ್ದಾರೆ. ಕೊಸರಿನ ಕೊತ್ತಂಬರಿಗಾಗಿ ಬೇಡದ ಸೊಪ್ಪು ಕೊಂಡಂತೆ!

ಇದು ಮೋಸವೇನಲ್ಲ, ವ್ಯಾಪಾರ. ಆದರೆ ಅಂಕ ಕಟ್ಟಿಹಾಕುವುದು ಗಿರಾಕಿಯ ಜೇಬನ್ನು ಮಾತ್ರ. ಪಕ್ಕದ ಹೋಟೆಲು ಎರಡು ಅಂಕ ಹೆಚ್ಚು ಕೊಟ್ಟರೆ ಆತ ಅತ್ತ ಹೋದಾನು. ಹಾಗಾದರೆ ತಲೆಮಾರುಗಳ ಕಾಲ ಒಂದೇ ಹೋಟೆಲಿಗೆ ಬರುವ ಕುಟುಂಬಗಳನ್ನು ಕಟ್ಟಿಹಾಕಿದ್ದು ಏನು?

ನೌಕರರಿಗೂ ಒಂದು ಖಾತೆ

ಇಲ್ಲಿಯೇ ತಾಜ್ ಸಮೂಹದ ಇನ್ನೊಂದು ಖಾತೆಯ ಕತೆ ಬರುತ್ತದೆ. ಇದು ಅತಿಥಿಗಳದ್ದಲ್ಲ, ನೌಕರರದ್ದು. 2001ರಲ್ಲಿ ‘ಸ್ಟಾರ್ಸ್’ ಎಂಬ ಯೋಜನೆ ಆರಂಭವಾಯಿತು. ನೌಕರನೊಬ್ಬ ಅತಿಥಿಯಿಂದ ಮೆಚ್ಚುಗೆ ಪಡೆದರೆ, ಸಹೋದ್ಯೋಗಿಯಿಂದ ಒಳ್ಳೆಯ ಮಾತು ಕೇಳಿದರೆ, ಕೆಲಸ ಸುಧಾರಿಸುವ ಸಲಹೆ ಕೊಟ್ಟರೆ ಅವನ ಹೆಸರಿಗೆ ಅಂಕ. ಅಂಕ ಬೆಳೆದಂತೆ ಬಹುಮಾನ, ಮನ್ನಣೆ. ಮೆಚ್ಚುಗೆ ಬಂದು 48 ಗಂಟೆಯೊಳಗೆ ಅದು ನೌಕರನಿಗೆ ತಲುಪಬೇಕೆಂಬುದು ನಿಯಮ. ಬೆನ್ನು ತಟ್ಟುವುದು ತಡವಾದರೆ ಅದರ ಬಿಸಿ ಆರಿಹೋಗುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಎರಡು ಖಾತೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅತಿಥಿಯ ಖಾತೆಗೆ ಅಂಕ ಬೀಳುವುದು ಖರ್ಚು ಮಾಡಿದ್ದಕ್ಕೆ. ನೌಕರನ ಖಾತೆಗೆ ಬೀಳುವುದು ಕಾಳಜಿ ತೋರಿದ್ದಕ್ಕೆ. ಒಂದನ್ನು ಹಣದಿಂದ ತುಂಬಬಹುದು, ಇನ್ನೊಂದನ್ನು ತುಂಬಲಾಗದು.

ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ 2011ರ ಡಿಸೆಂಬರ್ ಸಂಚಿಕೆಯಲ್ಲಿ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಈ ಹೋಟೆಲಿನ ನೌಕರರ ಆಯ್ಕೆ, ತರಬೇತಿಗಳ ಬಗ್ಗೆ ವಿವರವಾಗಿ ಬರೆದರು. ತಂದೆ ತಾಯಿಯರು ಓದಬೇಕಾದ ಲೇಖನ ಅದು. ತಾಜ್ ಸಮೂಹ ಕೆಳಹಂತದ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಮಹಾನಗರಗಳಿಗಿಂತ ಹೆಚ್ಚಾಗಿ ಸಣ್ಣ ಊರುಗಳಲ್ಲಿ ಹುಡುಕುತ್ತದೆ ಎಂದು ಅವರು ದಾಖಲಿಸಿದ್ದಾರೆ. ನೋಡುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಸ್ವಭಾವವನ್ನು. ಹಿರಿಯರನ್ನು, ಮೇಷ್ಟ್ರುಗಳನ್ನು ಹೇಗೆ ಕಾಣುತ್ತಾನೆ? ಕಷ್ಟದಲ್ಲೂ ನಗುಮುಖವಿದೆಯೇ? ಮನೆಗೆ ಅವನ ದುಡಿಮೆ ಎಷ್ಟು ಅಗತ್ಯ? ಇವೇ ಅಲ್ಲಿನ ಪ್ರವೇಶ ಪರೀಕ್ಷೆಯ ಪ್ರಶ್ನೆಗಳು! ಬೇರೆಡೆ ಹನ್ನೆರಡು ತಿಂಗಳ ತರಬೇತಿಯಾದರೆ ಇಲ್ಲಿ ಹದಿನೆಂಟು. ಒಂದು ದಿನ ತಂಗುವ ಅತಿಥಿ ಸುಮಾರು 40ರಿಂದ 45 ಬಾರಿ ನೌಕರರ ಮುಖಾಮುಖಿಯಾಗುತ್ತಾನೆ. ಅಷ್ಟು ಸಲವೂ ಪಕ್ಕದಲ್ಲಿ ಮ್ಯಾನೇಜರು ನಿಂತಿರಲು ಸಾಧ್ಯವಿಲ್ಲ. ಆದ್ದರಿಂದ ಮೇಲಿನವರನ್ನು ಕೇಳದೆ ತಾವೇ ನಿರ್ಧರಿಸುವುದನ್ನು ಅವರಿಗೆ ಕಲಿಸುತ್ತಾರೆ. ಹೋಟೆಲಿನ ಲಾಭಕ್ಕೂ ಅತಿಥಿಯ ಹಿತಕ್ಕೂ ತಿಕ್ಕಾಟ ಬಂದರೆ ಅತಿಥಿಯ ಪರವಾಗಿ ನಿಲ್ಲಬೇಕೆಂಬುದು ಪಾಠ.

ಪಾಠ ಹೇಳುವುದು ಸುಲಭ. ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುವುದು ಪರೀಕ್ಷೆ ಬಂದಾಗಲೇ.

ಪರೀಕ್ಷೆಯ ಆ ಮೂರು ರಾತ್ರಿಗಳು

2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಬಂದೂಕು, ಬಾಂಬುಗಳೊಂದಿಗೆ ತಾಜ್ ಹೋಟೆಲಿಗೆ ನುಗ್ಗಿದರು. ಕಾರ್ಯಾಚರಣೆ ಮುಗಿದದ್ದು 29ರ ಬೆಳಿಗ್ಗೆ. ಗುಮ್ಮಟದಿಂದ ಹೊಗೆ ಏಳುತ್ತಿದ್ದ ದೃಶ್ಯವನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಹೋಟೆಲಿನಲ್ಲಿ 31 ಮಂದಿ ಸತ್ತರು. ಅವರಲ್ಲಿ 11 ಮಂದಿ, ಅಂದರೆ ಮೂರನೆಯ ಒಂದು ಪಾಲು, ಅಲ್ಲಿನ ನೌಕರರು.

ಇಲ್ಲೊಂದು ವಿಷಯ ಯೋಚಿಸಬೇಕು. ಆ ಕಟ್ಟಡದ ಹಿಂಬಾಗಿಲು, ಸೇವಾ ಮೆಟ್ಟಿಲು, ಅಡುಗೆಮನೆಯ ಓಣಿಗಳು ಎಲ್ಲವೂ ಯಾರಿಗೆ ಚೆನ್ನಾಗಿ ಗೊತ್ತು? ನೌಕರರಿಗೆ. ಎಲ್ಲರಿಗಿಂತ ಮೊದಲು ತಪ್ಪಿಸಿಕೊಳ್ಳಬಹುದಾಗಿದ್ದವರು ಅವರೇ. ಅವರು ಹಾಗೆ ಮಾಡಲಿಲ್ಲ. ಹಾರ್ವರ್ಡ್ ಲೇಖನದ ಪ್ರಕಾರ ಅಂದು 1,200ರಿಂದ 1,500 ಅತಿಥಿಗಳು ಪಾರಾಗಲು ನೆರವಾದವರು ಇವರೇ. ಔತಣಕೂಟವೊಂದರ ಹೊಣೆ ಹೊತ್ತಿದ್ದ 24 ವರ್ಷದ ತರುಣಿ ಬಾಗಿಲು ಹಾಕಿಸಿ, ದೀಪ ಆರಿಸಿ, ಅತಿಥಿಗಳನ್ನು ಮೇಜುಗಳ ಕೆಳಗೆ ಮಲಗಿಸಿ ರಾತ್ರಿಯಿಡೀ ಸಮಾಧಾನ ಹೇಳುತ್ತ ಕೂತಳು. ಟೆಲಿಫೋನ್ ಆಪರೇಟರುಗಳು ಹೊರಗೆ ಬಂದವರು ಮತ್ತೆ ಒಳಗೆ ಹೋಗಿ, ಕೊಠಡಿ ಕೊಠಡಿಗೂ ಫೋನು ಮಾಡಿ, ‘ಬಾಗಿಲು ತೆರೆಯಬೇಡಿ’ ಎಂದು ಎಚ್ಚರಿಸಿದರು. ಅಡುಗೆಯವರು ಅತಿಥಿಗಳ ಸುತ್ತ ಗೋಡೆಯಾಗಿ ನಿಂತರು. ಮೂವತ್ತು ವರ್ಷ ಬಡಿಸಿದ ಹಿರಿಯ ವೇಟರೊಬ್ಬರು ಐವತ್ತಕ್ಕೂ ಹೆಚ್ಚು ಮಂದಿಯನ್ನು ಮೆಟ್ಟಿಲಿಳಿಸಿ ಕಳುಹಿಸಿದರು. ತಾವು ಕೊನೆಗೆ ಬರುತ್ತೇನೆಂದು ನಿಂತರು, ಬರಲಿಲ್ಲ. ಜನರಲ್ ಮ್ಯಾನೇಜರ್ ಕರಂಬೀರ್ ಕಾಂಗ್ ಅವರ ಪತ್ನಿ ಮತ್ತು ಇಬ್ಬರು ಗಂಡುಮಕ್ಕಳು ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ತೀರಿಕೊಂಡರು. ಕಾಂಗ್ ಅವರು ಅತಿಥಿಗಳನ್ನು ಕಾಪಾಡುವ ಕೆಲಸ ಬಿಟ್ಟು ಕದಲಲಿಲ್ಲ.

ಇದಕ್ಕೆ ಯಾವ ಕೈಪಿಡಿಯಲ್ಲೂ ಆದೇಶವಿರಲಿಲ್ಲ. ಬಾಳೆಹಣ್ಣಿನ ಬುಟ್ಟಿಯನ್ನು ನೆನಪಿಡುವ ಅದೇ ಅಭ್ಯಾಸ ಅಂದು ಜೀವ ಕಾಯುವ ಅಭ್ಯಾಸವಾಯಿತು ಎನ್ನದೆ ಬೇರೆ ದಾರಿಯಿಲ್ಲ. ದೊಡ್ಡ ಧೈರ್ಯ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ದಿನದಿನದ ಸಣ್ಣ ಕೆಲಸಗಳಲ್ಲಿ ಅದು ಕೂಡಿಬರುತ್ತದೆ.

ಕನ್ನಡ ನಾಡಿಗೂ ಆ ಮೆಟ್ಟಿಲಸಾಲಿಗೂ ಮರೆಯಲಾಗದ ನಂಟಿದೆ. ಬೆಂಗಳೂರಿನಲ್ಲಿ ಬೆಳೆದು, ಫ್ರಾಂಕ್ ಆಂಥೊನಿ ಪಬ್ಲಿಕ್ ಶಾಲೆಯಲ್ಲಿ ಓದಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊ ಆಗಿ ಆ ಹೋಟೆಲಿನೊಳಗೆ ಹೋದರು. ಗಾಯಗೊಂಡ ಜೊತೆಗಾರನನ್ನು ಸ್ಥಳಾಂತರಿಸಿ, ಉಗ್ರರನ್ನು ಬೆನ್ನಟ್ಟಿ, ನವೆಂಬರ್ 28ರಂದು ಅಲ್ಲಿಯೇ ವೀರಮರಣವನ್ನಪ್ಪಿದರು. ಆಗ ಅವರಿಗೆ 31 ವರ್ಷ. 2009ರ ಗಣರಾಜ್ಯೋತ್ಸವದಂದು ಅವರಿಗೆ ಅಶೋಕ ಚಕ್ರ ಸಂದಿತು. ಯಲಹಂಕದ ಬಳಿ ಅವರ ಹೆಸರಿನ ರಸ್ತೆಯಿದೆ.

ಟವರ್ ಭಾಗ 2008ರ ಡಿಸೆಂಬರ್ 21ರಂದೇ ಮತ್ತೆ ತೆರೆಯಿತು. ಸುಟ್ಟುಹೋಗಿದ್ದ ಅರಮನೆ ಭಾಗ ಪೂರ್ಣವಾಗಿ ತೆರೆದದ್ದು 2010ರ ಆಗಸ್ಟ್ 15ರಂದು. ಟಾಟಾ ಸಮೂಹ ಸ್ಥಾಪಿಸಿದ ಪರಿಹಾರ ಟ್ರಸ್ಟು ತನ್ನ ನೌಕರರಿಗೆ ಮಾತ್ರವಲ್ಲ, ಅಂದು ನಗರದ ಬೇರೆಡೆ ನೊಂದ ಬಡವರಿಗೂ ನೆರವಾಯಿತು. ಸತ್ತ 31 ಮಂದಿಯ ಹೆಸರುಗಳನ್ನು ಹೋಟೆಲಿನೊಳಗಿನ ಸ್ಮಾರಕದಲ್ಲಿ ಕೆತ್ತಲಾಗಿದೆ. ಅತಿಥಿಗಳ ಹೆಸರೂ ನೌಕರರ ಹೆಸರೂ ಅಲ್ಲಿ ಒಂದೇ ಸಾಲಿನಲ್ಲಿವೆ. ಹಳೆಯ ಅತಿಥಿಗಳು ಮರಳಿ ಬಂದರು. ಅವರನ್ನು ಕರೆತಂದದ್ದು ಅಂಕಗಳೆಂದು ಯಾರು ತಾನೇ ಹೇಳಿಯಾರು?

‘ಹೋಟೆಲ್ ಕೆಲಸವಾ?’

ಮಗನೋ ಮಗಳೋ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆಂದರೆ ನಮ್ಮ ಅನೇಕ ಮನೆಗಳಲ್ಲಿ ಮೊದಲು ಬರುವ ಮಾತು ಇದೇ. ‘ಇಷ್ಟು ಓದಿಸಿದ್ದು ತಟ್ಟೆ ತೊಳೆಯಲಿಕ್ಕಾ?’ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಕನ್ನಡದಲ್ಲಿ ಹೋಟೆಲ್ ಎಂದರೆ ಇಡ್ಲಿ ಕಾಫಿಯ ಜಾಗ, ತಂಗುವ ಜಾಗಕ್ಕೆ ನಾವು ಲಾಡ್ಜ್ ಎನ್ನುತ್ತೇವೆ. ಈ ಗೊಂದಲವೂ ಸೇರಿ ಆ ಓದಿನ ಬಗ್ಗೆ ತಾತ್ಸಾರ ಬೆಳೆದಿದೆ.

ತಾಜ್ ಹೋಟೆಲಿನಿಂದ ಕೂಗಳತೆ ದೂರದ ಫೋರ್ಟ್ ಪ್ರದೇಶದಲ್ಲೇ ಇದಕ್ಕೆ ಉತ್ತರವಿದೆ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಿಂದ ಬರಿಗೈಲಿ ಬೊಂಬಾಯಿಗೆ ಬಂದ ಸಾವಿರಾರು ಹುಡುಗರು ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅವರಲ್ಲಿ ಹೋಟೆಲ್ ಮಾಲೀಕರಾದವರಿದ್ದಾರೆ, ವಕೀಲರಾದವರಿದ್ದಾರೆ, ಬ್ಯಾಂಕು ಸೇರಿದವರಿದ್ದಾರೆ. ಮಾತುಂಗಾದಲ್ಲಿ ಎ. ರಾಮ ನಾಯಕ್ 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಊಟಕ್ಕೆ ಜನ ಸಾಲು ನಿಲ್ಲುವುದು ಅಂಕದ ಆಸೆಗಲ್ಲ. ಬಾಳೆಎಲೆಗೆ ‘ಇನ್ನಷ್ಟು ಹಾಕಲೇ?’ ಎಂದು ಕೇಳುವ ಆ ದನಿಗೆ. ಅರಮನೆಯಂಥ ತಾಜ್‌ಗೂ ಬಾಳೆಎಲೆಯ ಬೋರ್ಡಿಂಗಿಗೂ ಈ ಒಂದು ವಿಷಯದಲ್ಲಿ ಅಂತರವಿಲ್ಲ.

ಆಸಕ್ತಿಯಿರುವ ಮಕ್ಕಳು ತಿಳಿದಿರಲಿ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಕೇಂದ್ರ ಸರಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ಪಿಯುಸಿ ಬಳಿಕ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆದು ಇಂಥ ಸಂಸ್ಥೆಗಳ ಪದವಿಗೆ ಸೇರಬಹುದು. ಅಡುಗೆ, ಬಡಿಸುವಿಕೆ, ಸ್ವಾಗತ ಕಚೇರಿ, ಕೊಠಡಿಗಳ ನಿರ್ವಹಣೆ, ಈ ನಾಲ್ಕೂ ವಿಭಾಗಗಳಲ್ಲಿ ಕೈ ಕೊಳೆ ಮಾಡಿಕೊಂಡೇ ಕಲಿಯಬೇಕು. ಕೆಲಸದ ಹೊತ್ತು ದೀರ್ಘ. ದೀಪಾವಳಿ, ಹೊಸವರ್ಷಗಳಂದು ಎಲ್ಲರಿಗೂ ರಜೆಯಾದರೆ ಇವರಿಗೆ ದುಪ್ಪಟ್ಟು ಕೆಲಸ. ಆರಂಭದ ಸಂಬಳವೂ ಎಂಜಿನಿಯರಿಗೆ ಹೋಲಿಸಿದರೆ ಕಡಿಮೆ ಎನಿಸಬಹುದು. ಇದೆಲ್ಲವನ್ನೂ ತೂಗಿ ನೋಡಿ ಹೆಜ್ಜೆಯಿಡಬೇಕು. ಆದರೆ ‘ಅದು ಕೀಳು ಕೆಲಸ’ ಎಂಬ ಒಂದು ಕಾರಣಕ್ಕೆ ಮಾತ್ರ ಬೇಡವೆನ್ನುವುದು ಆ 11 ಮಂದಿಗೆ ಮಾಡುವ ಅನ್ಯಾಯವಾದೀತು.

ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಟ್ಟು, ‘ಊಟ ಮಾಡಿಕೊಂಡೇ ಹೋಗಿ’ ಎನ್ನುವ ನಾಡು ನಮ್ಮದು. ಆ ಮಾತನ್ನು ಹೇಳಲು ಪದವಿ ಬೇಕಿಲ್ಲ. ಆದರೆ ಅದನ್ನು ದಿನಕ್ಕೆ ನಲವತ್ತು ಸಲ, ಗುರುತಿಲ್ಲದವರಿಗೆ, ಕಾಲು ಸೋತಾಗಲೂ, ಮನಃಪೂರ್ವಕವಾಗಿ ಹೇಳಲು ದೊಡ್ಡ ಶಿಕ್ಷಣ ಬೇಕು. ಅದು ಶುರುವಾಗುವುದು ಕಾಲೇಜಿನಲ್ಲಲ್ಲ. ನಮ್ಮ ಮನೆಗೆ ಹಾಲು ಹಾಕುವವನನ್ನು, ಶಾಲೆಯ ಜವಾನನನ್ನು ಮಕ್ಕಳ ಎದುರಿಗೆ ನಾವು ಹೇಗೆ ಮಾತಾಡಿಸುತ್ತೇವೆ ಎಂಬಲ್ಲಿ.